ಪೆಟ್ಟಿಗೆಯ ಕಾಲಿಗೆ ನೀರು

ದ್ಯಾವಪ್ಪನನ್ನು ಮಣ್ಣು ಮಾಡಲು ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲೆ ಆ ಮನೆಯಲ್ಲಿ ಮತ್ತೆ ಮಾಮೂಲಿ ಬೆಳಗಾಯಿತು. ಅತ್ತೆ ಲಾಲಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೋನಮ್ಮ ಮುಸುರೆ ಚೆಲ್ಲಲು ಹಿತ್ತಿಲಿಗೆ ಹೋದಳು. ಬೇವಿನ ಗಿಡದ ಕೆಳಗಿದ್ದ ಗಂಡನ ಜೇನುಪೆಟ್ಟಿಗೆಗೆ ಇರುವೆ ಸಾಲುಗಟ್ಟಿ ಹತ್ತುತ್ತಿದ್ದವು.

ಇರುವೆ ಹತ್ತದಿರಲೆಂದು ದ್ಯಾವಪ್ಪ ಪೆಟ್ಟಿಗೆಯ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದ್ದ. ಸಾವಿನ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದೆಂದು ಹೆಂಗಸರು ಕೊಡ, ಹಂಡೆಗಳನ್ನೆಲ್ಲ ಚೆಲ್ಲಿದ್ದರು. ಯಾರೋ ಮುತುವರ್ಜಿಯವಳು ಈ ಡಬ್ಬಿಗಳಿಗೂ ಅರಿವೆ ಅದ್ದಿ, ಹಿಂಡಿ, ಹನಿಯೂ ಬಿಡದೆ ಬತ್ತಿಸಿದ್ದಳು.

ಕಾಲುವೆ ಆಫೀಸಿನ ಗುಮಾಸ್ತನಾಗಿದ್ದ ದ್ಯಾವಪ್ಪ ಈ ಜೇನುಹುಳಗಳನ್ನು ಕಾಲುವೆ ಸೇತುವೆಯ ಬಿರುಕಿನಿಂದ ಹಿಡಿದು ತಂದಿದ್ದ. "ಇರುವಿ ಒಳಗ ಹೊಕ್ಕರ ಗೂಡು ಬಿಟ್ಟು ಎದ್ದು ಹೋಗ್ತಾವ. ಮತ್ತ ಬರೂದಿಲ್ಲ" ಎಂದಿದ್ದ. ಆಗ ಅವಳು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದಳು.

"ಹೋದರ ಹೋಗಲಿ ಬಿಡು. ಪೆಟ್ಟಿಗಿ ಒಲಿಗೆ ಆಗ್ತದ," ಎಂದಳು ಲಾಲಮ್ಮ.

ಮೋನಮ್ಮ ಡಬ್ಬಿಗಳಿಗೆ ನೀರು ಸುರಿದಳು. ಹಳೆಯ ಸೊಳ್ಳೆಪರದೆ ಹರಿದು ಮುಖಕ್ಕೆ ಸುತ್ತಿಕೊಂಡಳು. ಹುಳಗಳನ್ನು ತಣ್ಣಗಾಗಿಸಲು ಗಂಡ ಬಳಸುತ್ತಿದ್ದ ಹೊಗೆಡಬ್ಬಿಯಲ್ಲಿ ಕುಳ್ಳಿನ ಚೂರು ಹಾಕಿ ಕೆಂಡ ಮಾಡಿ, ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಲೆ ಊದಿದ ಹಾಗೆ ಡಬ್ಬಿಯ ತಿದಿಯನ್ನು ಒಂದೇ ಸಮನೆ ಒತ್ತಿದಳು. ಹುಳ ರೊಚ್ಚಿಗೆದ್ದು ಮಣಿಕಟ್ಟಿಗೆ ಕಚ್ಚಿದವು. ಅವಳು ಕಿರುಚಿ ಅತ್ತುಬಿಟ್ಟಳು.

ಲಾಲಮ್ಮ ಸುಣ್ಣ ಹಿಡಿದು ಓಡಿ ಬಂದಳು. "ಗುಲಬರ್ಗಾದಾಗ ಎಂ.ಎ. ಓದಿದಾಕಿ, ಗಂಡ ಸತ್ತರೂ ಅಳಲಿಲ್ಲ ಅಂತ ಊರೆಲ್ಲ ಆಡ್ಕೊಂಡದ. ಅಳಾಕ ಬರ್ತದಲ್ಲ ನಿನಗ!"

"ಹುಳ ಕಚ್ಚಿದ್ದಕ್ಕ ಅತ್ತೀನ್ರಿ, ಅತ್ತಿ."

"ಯಾತಕ್ಕರ ಆಗಲಿ. ಕೈ ಕೊಡು ಇಲ್ಲಿ."

ಸುಣ್ಣ ಹಚ್ಚಿಸಿಕೊಂಡು ಮೋನಮ್ಮ ಮತ್ತೆ ಪೆಟ್ಟಿಗೆಯ ಹತ್ತಿರ ಹೋದಳು. ಈ ಸಲ ಮೆಲ್ಲಗೆ, ಬಿಟ್ಟು ಬಿಟ್ಟು ಊದಿದಳು. ಹುಳ ಒಳಗೆ ಸರಿದವು. ಇರುವೆ ಮುತ್ತಿದ್ದ ಜೇನಿನ ಎರಿಯ ಮೂಲೆಯನ್ನು ಕೊಯ್ದು ದೂರ ಎಸೆದಳು; ಉಳಿದ ಇರುವೆಗಳನ್ನು ಬೇವಿನ ಎಲೆಯಿಂದ ಸವರಿ ಉದುರಿಸಿದಳು. ಆ ದಿನವಿಡೀ ಗಿಡದ ಬುಡದಲ್ಲೇ ಕೂತಳು. ಗೂಡಿನೊಳಗೆ ಗದ್ದಲವಿತ್ತು. ಹೋಗುವ ತಯಾರಿಯೋ, ಇರುವ ತಯಾರಿಯೋ, ಕೇಳಲು ಯಾರೂ ಇರಲಿಲ್ಲ.

ಮರುದಿನ ಹೊತ್ತೇರುವಾಗ ಹುಳಗಳು ಕಾಲುವೆ ಕಡೆಯ ಸೂರ್ಯಕಾಂತಿ ಹೊಲಗಳಿಂದ ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಬಂದು ಒಂದೊಂದಾಗಿ ಒಳಗೆ ಹೊಕ್ಕವು. ಬಿಟ್ಟು ಹೋಗುವ ಮನೆಗೆ ಯಾರೂ ದಿನಸಿ ಹೊರುವುದಿಲ್ಲ. ಮೋನಮ್ಮ ಎದ್ದು ಸೀರೆಯ ಮಣ್ಣು ಕೊಡವಿದಳು.

"ಹೊಗಿಡಬ್ಬಿ ಯಾಕೂಬಸಾಬಂದು," ಎಂದಳು ಲಾಲಮ್ಮ. "ಸತ್ತವರು ಕಡಾ ಇಸಗೊಂಡದ್ದು ಮನ್ಯಾಗ ಇರಬಾರದು. ಹುಳ ಸಾಕಾಂವ ಅಂವ, ಪೆಟ್ಟಿಗಿನೂ ಅವನಿಗೇ ಕೊಟ್ಟು ಬಾ."

ಮೋನಮ್ಮ ಹೊಗೆಡಬ್ಬಿಯ ಮಸಿ ತಿಕ್ಕಿ ತೊಳೆದು, ಅದೊಂದನ್ನೇ ಸೆರಗಿನ ಮರೆಯಲ್ಲಿ ಹಿಡಿದು ಹೊರಟಳು. ಗಂಡ ಸತ್ತವಳು ಇಷ್ಟು ಬೇಗ ಹೊರಬಿದ್ದದ್ದು ಕಂಡು ಓಣಿಯ ಬಾಗಿಲುಗಳಲ್ಲಿ ಹೆಂಗಸರು ಇಣುಕಿದರು.

ಯಾಕೂಬಸಾಬ ಡಬ್ಬಿ ನೋಡಿ ತಲೆ ತಗ್ಗಿಸಿದ. "ಹುಳ ಹೋದವೇನು, ಬೇಟಿ?"

"ಇಲ್ಲರಿ ಚಾಚಾ, ಅದಾವ."

"ಮತ್ತ ಇದಿಲ್ಲದ ಹ್ಯಾಂಗ? ಇಟ್ಕೋ."

"ಅವರು ಇಸಗೊಂಡದ್ದು ಅವರ ಹೆಸರಿಲೆ ನಿಮಗ ಮುಟ್ಟಲಿ. ನನಗ ಬೇಕಾದಾಗ ನಾನೇ ಬಂದು ಕೇಳ್ತೀನ್ರಿ," ಎಂದು ಮೋನಮ್ಮ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.