ನೂರ ಹದಿನೆಂಟನೆಯ ಮನೆ

ಮೂಲಧಾತುಗಳ ಆವರ್ತ ಕೋಷ್ಟಕದ ನೂರ ಹದಿನೆಂಟನೆಯ ಮನೆಗೆ ಬಂದ ಸೀಮೆಸುಣ್ಣ ಅಲ್ಲೇ ನಿಂತುಬಿಟ್ಟಿತು. ಬೇಲೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಆಶಾರಾಣಿ, ಹೆರಿಗೆಯ ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಮರಳಿದ್ದಳು. ಹುಟ್ಟಿದ ಹೆಣ್ಣುಕೂಸು ಒಂದು ಹಗಲನ್ನೂ ಪೂರ್ತಿ ಕಾಣದೆ ಹೋಗಿತ್ತು. ತರಗತಿಯ ಮಕ್ಕಳಿಗೆಲ್ಲ ಗೊತ್ತಿತ್ತು, ಯಾರೂ ಕೇಳಲಿಲ್ಲ.

"ಓಗನೆಸಾನ್," ಎಂದಳು. "ಈ ಧಾತು ಭೂಮೀಲಿ ಎಲ್ಲೂ ಸಿಗಲ್ಲ. ಮನುಷ್ಯರೇ ಮಾಡಿದ್ದು. ರೆಪ್ಪೆ ಬಡಿಯೋಷ್ಟು ಹೊತ್ತೂ ಉಳಿಯಲ್ಲ."

"ಬಣ್ಣ ಯಾವ್ದು ಮಿಸ್?" ಎಂದಳು ಮುಂದಿನ ಬೆಂಚಿನ ಸಿಂಧು.

"ಯಾರೂ ನೋಡಿಲ್ಲ. ಅದರ ಗುಂಪಿನವೆಲ್ಲ ಅನಿಲ, ಇದು ಮಾತ್ರ ಘನ ಇರಬಹುದು. ಅವು ಯಾರ ಜೊತೆಗೂ ಸೇರಲ್ಲ, ಇದು ಸೇರ್ತಿತ್ತೋ ಏನೋ. ಎಲ್ಲ ಲೆಕ್ಕ ಹಾಕಿ ಹೇಳೋದು. ಒಡೆದುಹೋದ್ಮೇಲೆ ಉಳಿದಿದ್ದನ್ನ ನೋಡಿ, ಇತ್ತು ಅಂತ ತಿಳ್ಕೊಂಡ್ರು."

"ಅಷ್ಟಕ್ಕೊಂದು ಹೆಸ್ರು ಬೇರೆ ಕೇಡು!" ಹಿಂದಿನಿಂದ ಯಾರೋ ಅಂದರು. ತರಗತಿ ನಕ್ಕು, ಮರುಕ್ಷಣವೇ ಬೆದರಿ ಸುಮ್ಮನಾಯಿತು.

"ಇತ್ತಲ್ಲ," ಎಂದಳು ಆಶಾರಾಣಿ.

ಸಂಜೆ ಹಗರೆಯಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ದೇವೀರಮ್ಮ ಕೊಟ್ಟಿಗೆಯಲ್ಲಿದ್ದರು. ಹಸು ಆಗತಾನೆ ಕರು ಹಾಕಿತ್ತು. ಆ ಮನೆಯಲ್ಲಿ ಹುಟ್ಟಿದ ಹೆಣ್ಣುಗರುಗಳಿಗೆಲ್ಲ ಅತ್ತೆ ಇಡುತ್ತಿದ್ದುದು ಒಂದೇ ಹೆಸರು: ಚಂದ್ರಿ. "ಇವತ್ತಿನ ಹಾಲು ಯಾವ ಚಂದ್ರೀದು, ಅಜ್ಜೀದೋ ಮೊಮ್ಮಗಳದೋ?" ಎಂದು ಡೈರಿಯ ಕೆಂಚಪ್ಪ ಇಂದಿಗೂ ನಗಾಡುತ್ತಿದ್ದ.

"ಅತ್ತೆ, ಕೂಸಿಗೆ ಹೆಸರಿಡೋಣ. ಸಿರಿ ಅಂತ. ಒಂದೇ ಒಂದ್ಸಲ ನೀವು ಕರೀರಿ, ಸಾಕು."

"ಬ್ಯಾಡ ಕಣವ್ವ. ತೊಟ್ಲಿಗೆ ಹಾಕೋಕ್ ಮುಂಚೆ ಹೋದುದ್ಕೆ ಹೆಸ್ರು ಇಕ್ಬಾರ್ದು. ಕರುದ್ರೆ ತಿರುಗ್ ನೋಡ್ತದೆ. ಅದ್ಕೂ ದಾರಿ ಸಾಗಾಕಿಲ್ಲ, ಮುಂದ್ ಹುಟ್ಟೋದ್ಕೂ ಸಾಗಾಕಿಲ್ಲ."

"ಇವ್ರು ಹುಟ್ಟೋಕ್ ಮುಂಚೆ ನಿಮಗೂ ಒಂದು ಹೆಣ್ಣು ಹೋಗಿತ್ತಂತಲ್ಲ. ಅದಕ್ಕೂ ಇಡಲಿಲ್ವಾ?"

ಕರುವಿನ ಒದ್ದೆ ಮೈಯನ್ನು ಹುಲ್ಲಿನಿಂದ ಉಜ್ಜುತ್ತಿದ್ದ ದೇವೀರಮ್ಮ, ಉಜ್ಜಿ ಒಣಗಿದ ಜಾಗವನ್ನೇ ಮತ್ತೆ ಉಜ್ಜಿದರು. ಕೊನೆಗೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿನತ್ತ ಸರಿದರು.

"ಇದೂ ಹೆಣ್ಣೇ ಕಣೇ ಆಶಾ." ಮುಖ ಅಂಗಳದ ಕಡೆಗಿತ್ತು. "ಈ ಕಿತ ಚಂದ್ರಿ ಬ್ಯಾಡ. ನೀನೇ ಕೂಗು."

ಆಶಾರಾಣಿ ಸಗಣಿ ನೆಲದ ಮೇಲೆಯೇ ಮಂಡಿಯೂರಿದಳು. ತುಟಿ ಎರಡು ಬಾರಿ ತೆರೆದು ಮುಚ್ಚಿತು. ಆಮೇಲೆ ಆ ಎರಡಕ್ಷರ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ, ಹೊರಬಂದಿತು.

ಕರು ತಿರುಗಿ ನೋಡಲಿಲ್ಲ. ನಡುಗುವ ಕಾಲುಗಳ ಮೇಲೆ ತಡವರಿಸುತ್ತ ಹೋಗಿ ತಾಯಿಯ ಕೆಚ್ಚಲಿಗೆ ಮೂತಿ ಹಾಕಿತು. ಅದು ಚಪ್ಪರಿಸುವ ಸದ್ದು ಕೊಟ್ಟಿಗೆಯನ್ನು ತುಂಬುತ್ತಿದ್ದಂತೆ ಆಶಾರಾಣಿ, ಒದ್ದೆಯಾಗುತ್ತಿದ್ದ ರವಿಕೆಯ ಮೇಲೆ ಸೆರಗನ್ನು ಎಳೆದುಕೊಂಡಳು.