ಗಾಜು ಅಡ್ಡ ಹಿಡಿದಾಗ

ಗಿರಿಜಾಂಬಿಕಾ ತಿಪಟೂರಿನ ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಬಂದು ಆರು ವರ್ಷವಾಗಿತ್ತು. ಎಪ್ಪತ್ತೊಂಬತ್ತರಲ್ಲಿ ಎಂ.ಫಿಲ್.ಗೆಂದು ಅವಳು ಹಿಡಿದ ಕೆಲಸ ಹೇಳುವುದಕ್ಕೆ ಸುಲಭ: ಬರೀ ಗಾಳಿಯಲ್ಲಿ, ಎರಡು ಹಿತ್ತಾಳೆ ಗುಂಡುಗಳ ನಡುವೆ, ಸ್ವಿಚ್ ಒತ್ತಿದಾಗಲೆಲ್ಲ ತಪ್ಪದೆ ಒಂದು ವಿದ್ಯುತ್ ಕಿಡಿ ಹಾರಬೇಕು.

ಕಿಡಿ ಮಾತು ಕೇಳುತ್ತಿರಲಿಲ್ಲ. ನೂರು ಸಲ ಒತ್ತಿದರೆ ಎಪ್ಪತ್ತು ಸಲ ಹಾರುವುದು, ಮಿಕ್ಕಂತೆ ಸುಮ್ಮನಿರುವುದು. ಹೀಗೇ ಮೂರು ತಿಂಗಳು ಕಳೆದು, ಅವಳ ಸಿಟ್ಟೆಲ್ಲ ಪ್ರಯೋಗಶಾಲೆಯ ಅಟೆಂಡರ್ ದುರ್ಗಯ್ಯನ ಮೇಲೆ ತಿರುಗಿತು.

"ನೀವು ಗುಂಡು ನೆಟ್ಟಗೆ ಉಜ್ಜಿಲ್ಲ. ಊರೆಲ್ಲ ತೆಂಗಿನ ನಾರಿನ ಧೂಳು, ಇಲ್ಲೂ ಅದೇ!"

ದುರ್ಗಯ್ಯ ಎದುರಾಡದೆ ಮತ್ತೆ ಉಜ್ಜಿ ಕೊಡುತ್ತಿದ್ದ. ಒಂದು ಸೋಮವಾರ ಮಾತ್ರ ಬಟ್ಟೆ ಕೆಳಗಿಟ್ಟು ಹೇಳಿದ: "ಅಮ್ಮಾರೆ, ತಪ್ಪು ತಿಳೀಬ್ಯಾಡಿ. ಗುರುವಾರ ಕಿಡಿ ಸರಿಯಾಗೇ ಬತ್ತದೆ. ಪಕ್ಕದ ಮೇಜಲ್ಲಿ ಬಿಎಸ್ಸಿಯೋರು ಆರ್ಕ್ ದೀಪ ಹಚ್ಚಿರ್ತಾರಲ್ಲ, ಅವತ್ತು."

ಅವಳಿಗೆ ನಗು ಬಂತು. ಆದರೂ ನೋಟ್‌ಬುಕ್ ತೆಗೆದಳು. ಗುರುವಾರಗಳ ಎದುರಿಗೆ ತೊಂಬತ್ತೆಂಟು, ನೂರು, ತೊಂಬತ್ತೊಂಬತ್ತು. ತನ್ನ ಕೈಯಲ್ಲೇ ಬರೆದದ್ದು, ಕಂಡಿರಲಿಲ್ಲ.

ದೀಪ ಹಚ್ಚಿಸಿದಳು. ನೂರಕ್ಕೆ ನೂರು. ದುರ್ಗಯ್ಯನಿಗೆ ಕಿಟಕಿಯ ಗಾಜೊಂದನ್ನು ದೀಪಕ್ಕೂ ಗುಂಡುಗಳಿಗೂ ನಡುವೆ ಅಡ್ಡ ಹಿಡಿಯಲು ಹೇಳಿದಳು. ಬೆಳಕು ಮೊದಲಿನಷ್ಟೇ ಬೀಳುತ್ತಿತ್ತು, ಕಿಡಿ ಮಾತ್ರ ಮತ್ತೆ ತಪ್ಪತೊಡಗಿತು. ಗಾಜು ತೆಗೆದರೆ ಸರಿಹೋಯಿತು. ಕಣ್ಣಿಗೆ ಕಾಣದ, ಗಾಜು ದಾಟಲಾರದ ನೇರಳಾತೀತ ಬೆಳಕು ಹಿತ್ತಾಳೆಯ ಮೇಲೆ ಬಿದ್ದು ಕಿಡಿಗೆ ದಾರಿ ಮಾಡಿಕೊಡುತ್ತಿತ್ತು.

ಗಿರಿಜಾಂಬಿಕಾ ಸ್ಟೂಲು ಎಳೆದುಕೊಂಡು ಕೂತಳು. "ಸುಮ್ಮಸುಮ್ಮನೆ ನಿಮ್ಮನ್ನ ಬೈದೆನಲ್ಲ ದುರ್ಗಯ್ಯ."

"ಬುಡಿ ಅಮ್ಮಾರೆ. ಗುಂಡಾದ್ರೂ ಫಳಫಳ ಅಂತವಲ್ಲ."

ಬೆಂಗಳೂರಿನಲ್ಲಿ ಅವಳ ಮಾರ್ಗದರ್ಶಕರು ಕೇಳಿ ನಕ್ಕರು. "ಇದು ತೊಂಬತ್ತು ವರ್ಷದ ಹಿಂದೇ ಗೊತ್ತಾಗಿದ್ದು ಕಣಮ್ಮ."

ವಾಪಸು ಬರುವ ಬಸ್ಸಿನಲ್ಲಿ ಅವಳ ಮುಖ ಬಾಡಿತ್ತು. ಗೊತ್ತಿರಲಿಲ್ಲವೆಂದಲ್ಲ, ಎಂ.ಎಸ್ಸಿ. ಪರೀಕ್ಷೆಯಲ್ಲಿ ಇದನ್ನೇ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಓದಿದ್ದು ಒಂದು ಕಡೆ, ಎದುರಿಗಿದ್ದದ್ದು ಇನ್ನೊಂದು ಕಡೆ ಉಳಿದುಬಿಟ್ಟಿತ್ತು. ಏನೂ ಓದದ ದುರ್ಗಯ್ಯ ಬರೀ ನೋಡಿದ್ದ.

ಮರುದಿನ ಇಬ್ಬರೂ ಸೇರಿ ದೊಡ್ಡ ಗುಂಡುಗಳ ಪಕ್ಕದಲ್ಲಿ ಎರಡು ಸೂಜಿ ನಿಲ್ಲಿಸಿದರು. ಅಲ್ಲಿ ಮೊದಲು ಪುಟ್ಟ ಕಿಡಿ ಹಾರಿ, ಅದರ ಬೆಳಕು ಬಿದ್ದೊಡನೆ ದೊಡ್ಡ ಕಿಡಿ ಹಾರುವಂತೆ ಹೊಂದಿಸಲು ಎರಡು ವಾರ ಹಿಡಿಯಿತು. ಆಮೇಲೆ ಒಂದೂ ತಪ್ಪಲಿಲ್ಲ.

ಮರುವರ್ಷ ಅವಳ ಪ್ರಬಂಧ ಒಪ್ಪಿಗೆಯಾಯಿತು. ಆ ಕಾಲೇಜಿನಲ್ಲಿದ್ದಷ್ಟು ವರ್ಷವೂ, ಹೊಸ ವಿದ್ಯಾರ್ಥಿಗಳಿಗೆ ಈ ಪ್ರಯೋಗ ತೋರಿಸುವುದನ್ನು ದುರ್ಗಯ್ಯನಿಗೇ ಬಿಟ್ಟು, ಅವಳು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು.