ಸರ್ವೇಯರ್ ಬರುವ ದಿನ

ಮನೆ ಸುಟ್ಟದ್ದು ಒಂದೇ ಮಧ್ಯಾಹ್ನದಲ್ಲಿ; ವಿಮೆಯವರಿಗಾಗಿ ಕಾದದ್ದು ಹನ್ನೊಂದು ವಾರ. ಹಳೇ ವೈರಿನಿಂದ ಹತ್ತಿಕೊಂಡ ಬೆಂಕಿ ದರ್ಜಿ ಕೆಲಸ ಮಾಡುವ ಸೊಸೆಯ ಎರಡು ಹೊಲಿಗೆ ಮಿಷನ್ನು, ಗಿರಾಕಿಗಳ ಬಟ್ಟೆ, ಮಂಚ, ಬೀರು ಯಾವುದನ್ನೂ ಬಿಟ್ಟಿರಲಿಲ್ಲ.

"ನಷ್ಟ ಲೆಕ್ಕ ಹಾಕೋ ಸರ್ವೇಯರ್ ಬಂದು ನೋಡೋವರೆಗೂ ಏನೂ ಮುಟ್ಟಬೇಡಿ" ಎಂದಿತ್ತು ವಿಮೆ ಕಚೇರಿ. ಆಮೇಲೆ ಸುದ್ದಿಯೇ ಇಲ್ಲ. ಫೋನು ಮಾಡಿದರೆ ಫೈಲು ಮೇಲೆ ಹೋಗಿದೆ ಅನ್ನುವರು, ಮೇಲಿನವರನ್ನು ಕೇಳಿದರೆ ಕೆಳಗೆ ಬಂದಿದೆ ಅನ್ನುವರು. ಪಾಪ, ಮೆಟ್ಟಿಲು ಹತ್ತಿಳಿದು ಆ ಫೈಲಿಗೇ ಮಂಡಿನೋವು ಬಂದಿರಬೇಕು.

ಅತ್ತೆ ಸೊಸೆ ಇಬ್ಬರೂ ಸೊಸೆಯ ಅಕ್ಕನ ಮನೆಯಲ್ಲಿ ತಂಗಿದ್ದರು. ಅಕ್ಕನ ಮಗ ಹೆಂಡತಿ ಮಕ್ಕಳ ಜೊತೆ ಇದೇ ಊರಿಗೆ ವರ್ಗವಾಗಿ ಬರುವವನಿದ್ದ. ತಿಂಗಳ ಕೊನೆಗೆ ಜಾಗ ಬಿಡಲೇಬೇಕು. ಅಷ್ಟರಲ್ಲಿ ಕ್ಲೇಮಿನ ಹಣ ಬಂದರೆ ತಲೆಯ ಮೇಲೊಂದು ಸೂರು, ಇಲ್ಲದಿದ್ದರೆ ಬೀದಿಯೇ ಗತಿ.

ಅತ್ತೆಗೆ ಚೊಕ್ಕಟದ ಹುಚ್ಚು. ಕೇರಿಯವರು ಇಟ್ಟ ಹೆಸರೇ ಪೊರಕೆಯಮ್ಮ. ಅದಕ್ಕೇ ಸುಟ್ಟ ಮನೆಯ ಬೀಗದಕೈಯನ್ನು ಸೊಸೆ ಸೆರಗಿನ ತುದಿಗೇ ಕಟ್ಟಿಕೊಂಡಿದ್ದಳು. ಅಂತೂ ಒಂದು ಸಂಜೆ ಫೋನು ಬಂತು: ನಾಳೆ ಹನ್ನೊಂದಕ್ಕೆ ಸರ್ವೇಯರ್, ಪತ್ರಗಳ ಜೆರಾಕ್ಸ್ ಇರಲಿ.

ಬೆಳಿಗ್ಗೆ ಜೆರಾಕ್ಸಿಗೆ ಹೊರಟ ಸೊಸೆ ಮನಸ್ಸಿಲ್ಲದ ಮನಸ್ಸಿನಿಂದ ಬೀಗದಕೈ ಕೊಟ್ಟಳು. "ಸಾಹೇಬ್ರು ಬೇಗ ಬಂದ್ರೆ ಬಾಗಿಲು ತೆಗೀರಿ ಅತ್ತೆ. ಒಳಗೇನೂ ಮುಟ್ಟಬೇಡಿ."

"ಆಯ್ತಮ್ಮ, ನಾನೇನು ಮಗುನಾ?"

ಅಂಗಡಿಯಲ್ಲಿ ಕರೆಂಟು ಹೋಯಿತು. ಎರಡು ಗಂಟೆ ಕಳೆದು ಓಡೋಡಿ ಬಂದರೆ ಹೊಸ್ತಿಲಿನಿಂದ ಕಪ್ಪು ನೀರು ಹರಿಯುತ್ತಿತ್ತು. ಒಳಗೆ ನೆಲ ತೊಳೆದಾಗಿತ್ತು, ಗೋಡೆಯ ಮಸಿಯನ್ನು ಕೈಗೆಟುಕುವಷ್ಟು ಉಜ್ಜಿಯಾಗಿತ್ತು, ಕರಗಿದ ಮಿಷನ್ನುಗಳು ಕಸದ ಗಾಡಿ ಹತ್ತಿ ಹೋಗಿದ್ದವು. ಪಕ್ಕದ ಮನೆಯಿಂದ ತಂದ ಕುರ್ಚಿಯಲ್ಲಿ ಸರ್ವೇಯರ್ ಕೂತಿದ್ದ.

"ಮಿಷನ್ನು ಎಲ್ಲಮ್ಮಾ?"

"ಫೋಟೊ ಇದೆ ಸಾರ್." ಸೊಸೆ ಮೊಬೈಲು ಚಾಚಿದಳು.

"ಫೋಟೊ ಸಾಲಲ್ಲ. ನಾನು ಕಣ್ಣಾರೆ ನೋಡಿದ್ದನ್ನೇ ಬರೀಬೇಕು." ಒಳ್ಳೆಯವನೇ ಇರಬೇಕು, ಬರೆಯುವಾಗ ಅವಳ ಮುಖ ನೋಡಲಾಗದೆ ತಲೆ ಎತ್ತಲಿಲ್ಲ. "ಇನ್ನೊಂದು ತನಿಖೆ ಆಗಬೇಕಾಗುತ್ತೆ. ಮೂರು ತಿಂಗಳು ಹಿಡೀಬಹುದು."

ಅವನು ಹೋದ. ಸೊಸೆ ಬೈಯಲೆಂದು ತಿರುಗಿದಳು. ಒದ್ದೆ ಸೀರೆಯ ಅತ್ತೆ ಸೊಂಟ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಕೈಯ ಬೆರಳುಗಳು ಸುಲಿದಿದ್ದವು. ಯಾರನ್ನು ಬೈದು ಏನು ಸುಖ?

"ಹಿಂಗೆ ಬಂದು ಹಂಗೆ ಹೋಗಿಬಿಟ್ರಲ್ಲೇ" ಎಂದಳು ಅತ್ತೆ. "ಮತ್ತೆ ಯಾವಾಗ ಬರ್ತಾರಂತೆ?"

"ಮೂರು ತಿಂಗಳು ಬಿಟ್ಟು."

"ಹಂಗಾದ್ರೆ ಒಳ್ಳೇದೇ ಆಯ್ತು ಬಿಡು. ಅಷ್ಟರಲ್ಲಿ ಗೋಡೆ ಮೇಲ್ಗಡೆ ಮಸೀನೂ ತೆಗೆದಿಡ್ತೀನಿ."